ಇನ್ನೂ ಹೇಳು

ಬಾಗಿಲು ತಳ್ಳಿದ ಹುಡುಗಿ ಹೊಸ್ತಿಲಲ್ಲೇ ಕಲ್ಲಾಗಿ ನಿಂತಳು. ಒಳಗೆ ಕೂತಿರಬೇಕಾದದ್ದು ಪ್ರಶ್ನೆ ಕೊಟ್ಟು ಉತ್ತರ ಬರೆದುಕೊಳ್ಳುವ ನಗುಮುಖದ ಅಕ್ಕ. ಮೊದಲು ಹೋಗಿಬಂದ ಗೆಳತಿಯರೆಲ್ಲ ಹಾಗೇ ಹೇಳಿದ್ದರು. ಅಕ್ಕನಿಗೆ ಇವತ್ತೇ ಜ್ವರ ಬರಬೇಕೆ? ಅವಳ ಕುರ್ಚಿಯಲ್ಲಿ ಮೇಡಂ ಕೂತಿದ್ದರು. ಈ ಪ್ರಶ್ನೆಗಳನ್ನೆಲ್ಲ ಬರೆದ ಮೇಡಂ.

ಹುಡುಗಿ ಸ್ವೆಟರಿನ ತೋಳನ್ನು ಅಂಗೈಯವರೆಗೂ ಎಳೆದುಕೊಂಡಳು.

“ಈ ಸೆಕೇಲಿ ಸ್ವೆ...” ಎನ್ನಹೊರಟ ಮೇಡಂ ಮಾತನ್ನು ನುಂಗಿಕೊಂಡು, ಎದುರಿನ ಕುರ್ಚಿ ತೋರಿಸಿದರು. “ಬಾ. ಇಲ್ಲಿ ನನ್ನನ್ನ ಮೇಡಂ ಅನ್ನು, ಸಾಕು. ಬೇಡ ಅನಿಸಿದ್ರೆ ಈಗ್ಲೇ ವಾಪಸ್ ಹೋಗಬಹುದು.”

ವಾಪಸ್ ಹೋದರೆ ಅನುಮಾನ ಬರದೆ ಇರುತ್ತದೆಯೇ? ಹುಡುಗಿ ಕೂತಳು.

“ಪರೀಕ್ಷೆ ನಿನಗಲ್ಲ, ಪ್ರಶ್ನೆಗಳಿಗೆ,” ಎಂದರು ಮೇಡಂ, ಎಲ್ಲರಿಗೂ ಹೇಳುವ ಪಾಠ ಒಪ್ಪಿಸುವವರಂತೆ. “ಯಾರಿಗೆ ಯಾವ ಕೆಲಸ ಒಗ್ಗುತ್ತೆ ಅಂತ ತಿಳಿಯೋಕೆ ಇವನ್ನ ಮಾಡಿದೀವಿ. ಶಾಲೆಗಳಿಗೆ ಕೊಡೋ ಮುಂಚೆ, ಮಕ್ಕಳಿಗೆ ಸರಿಯಾಗಿ ಅರ್ಥ ಆಗುತ್ತಾ ನೋಡ್ಬೇಕು. ನೀನು ಓದು, ಮನಸ್ಸಿಗೆ ಬಂದದ್ದನ್ನ ಹೇಳು. ನಾನು ಮಧ್ಯೆ ಬಾಯಿ ಹಾಕೋ ಹಾಗಿಲ್ಲ. ಸರಿ, ತಪ್ಪು ಅನ್ನೋ ಹಾಗಿಲ್ಲ. ‘ಇನ್ನೂ ಹೇಳು’ ಅನ್ನಬಹುದು, ಅಷ್ಟೇ.”

“ಹೇಳಿದ್ದು ಮನೇಲಿ ಗೊತ್ತಾಗುತ್ತಾ?”

ಮೇಡಂ ಪೆನ್ನಿನ ಕ್ಯಾಪ್ ತೆಗೆದರು, ಮತ್ತೆ ಹಾಕಿದರು. “ಈ ಕೋಣೇಲಿ ಹೇಳಿದ್ದು ಈ ಕೋಣೇಲೇ ಇರುತ್ತೆ.”

ಮಾತೇನೋ ಚೆನ್ನಾಗಿತ್ತು. ನಂಬಿದರೆ ಕೆಟ್ಟೆ ಎಂದುಕೊಂಡಳು ಹುಡುಗಿ.

ಮೊದಲಿನ ಪ್ರಶ್ನೆಗಳು ಸಲೀಸಾಗಿ ಮುಗಿದವು. ಚಿತ್ರ ಬಿಡಿಸುವುದು ಇಷ್ಟವೇ, ಗುಂಪಿನಲ್ಲಿ ಕೆಲಸ ಮಾಡುವುದು ಇಷ್ಟವೇ, ಇಂಥವೇ. ಪುಟದ ಕೊನೆಯ ಸಾಲಿಗೆ ಬಂದಾಗ ಅವಳು ಓದುವುದನ್ನು ನಿಲ್ಲಿಸಿದಳು. ‘ನನಗೆ ಇಷ್ಟವಾದ ಕೆಲಸ ಯಾವುದೆಂದು ಮನೆಯಲ್ಲಿ ಹೇಳಲು ನನಗೆ ಹೆದರಿಕೆಯಿದೆ.’

“ಇದನ್ನ ಎಲ್ಲರೂ ಖಾಲಿ ಬಿಡ್ತಾರೆ,” ಎಂದರು ಮೇಡಂ. “ಅರ್ಥ ಆಗಲ್ವೇನೋ. ತೆಗೆದುಹಾಕೋಣ ಅಂತಿದಾರೆ ನಮ್ಮವರು.”

“ಅರ್ಥ ಆಗುತ್ತೆ ಮೇಡಂ. ಅದಕ್ಕೇ ಬಿಡ್ತಾರೆ.”

“ಇನ್ನೂ ಹೇಳು.”

ಹುಡುಗಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. ಓಡಿಹೋಗಬೇಕೆನಿಸಿತು. ಆದರೆ ಮಧ್ಯೆ ಬಾಯಿ ಹಾಕದೆ ತನ್ನ ಮಾತು ಕೇಳುತ್ತೇನೆಂದು ಒಬ್ಬರು ಕೂತದ್ದು ಇದೇ ಮೊದಲು. ಇಂಥ ಅವಕಾಶ ಇನ್ನೊಮ್ಮೆ ಸಿಗುತ್ತದೆಂಬ ಭರವಸೆಯೂ ಇರಲಿಲ್ಲ.

“ನಂಗೆ ವೆಲ್ಡಿಂಗ್ ಇಷ್ಟ. ಗಣಿತದ ಟ್ಯೂಷನ್ ಅಂತ ಸುಳ್ಳು ಹೇಳಿ ವೆಲ್ಡಿಂಗ್ ಶೆಡ್ಡಿಗೆ ಹೋಗ್ತೀನಿ.” ತೋಳು ಮೇಲೆ ಸರಿಸಿದಳು. ಮಣಿಕಟ್ಟಿನ ಮೇಲೆ ಕಿಡಿ ಸಿಡಿದ ಕಲೆಗಳಿದ್ದವು. “ಡಾಕ್ಟರ್ ಆಗ್ತೀನಿ ಅಂದ್ಕೊಂಡಿದಾರೆ ಮನೇಲಿ.”

ಮೇಡಂ ಕೈ ಆ ಕಲೆಗಳತ್ತ ಚಾಚಿ, ಅರ್ಧಕ್ಕೇ ನಿಂತಿತು. “ಇನ್ನೂ ಹೇಳು.” ಈ ಸಲ ದನಿ ತಗ್ಗಿತ್ತು.

“ಅಪ್ಪಂಗೆ ಹೆದರಲ್ಲ. ಅಮ್ಮಂಗೆ. ಅಮ್ಮ ಹೊಡೆಯಲ್ಲ, ಬೈಯಲ್ಲ. ಪ್ರಶ್ನೆ ಕೇಳ್ತಾಳೆ. ನಾನು ಒಂದು ಹೇಳಿದ್ರೆ ಅದರ ಹಿಂದೆ ಇನ್ನೇನಿದೆ ಅಂತ ಹುಡುಕ್ತಾಳೆ. ಕೊನೆಗೆ ನಂಗೇನಿಷ್ಟ ಅನ್ನೋದನ್ನೂ ಅವಳೇ ಹೇಳಿಬಿಡ್ತಾಳೆ.”

‘ಇನ್ನೂ ಹೇಳು’ ಬರಲಿಲ್ಲ. ಮುಗಿಯಿತು ನನ್ನ ಕಥೆ ಎಂದುಕೊಂಡಳು ಹುಡುಗಿ. ಮೇಡಂ ಆ ಸಾಲಿನ ಎದುರು ‘ಇರಲಿ’ ಎಂದು ಬರೆದರು. ಅಕ್ಷರ ಸೊಟ್ಟಗಾಯಿತು. ತಲೆ ಎತ್ತದೆ, ಹೋಗು ಎಂದು ಸನ್ನೆ ಮಾಡಿದರು.

ಹುಡುಗಿ ಬಾಗಿಲು ತೆರೆದಾಗ ಹಿಂದಿನಿಂದ ದನಿ ಬಂತು.

“ಅಪ್ಪಂಗೆ ಹೇಳ್ಬಿಡು,” ಎಂದಳು ಅಮ್ಮ, “ನಾನು ಇವತ್ತು ಮನೆಗೆ ಬರೋದು ತಡ ಆಗುತ್ತೆ.”