ರತ್ಸಿಂಬಾ ಬಲ್ಲ ಊರುಗಳು

"ನಾಲ್ಕು ಊರು ನೋಡದವನಿಗೆ ನನ್ನ ಮಗಳನ್ನ ಕೊಡಬೇಕಾ?"

ರತ್ಸಿಂಬಾ ಗುಡುಗಿದ. ಹೆಣ್ಣು ಕೇಳಲು ಬಂದಿದ್ದ ಹೆರಿ ತನ್ನ ಬೂಟಿನ ತುದಿ ನೋಡಿಕೊಂಡ. ಒಳಬಾಗಿಲಲ್ಲಿ ನಿಂತಿದ್ದ ಮಗಳು ಸಹೋಂದ್ರಾ ಕಿವಿ ನಿಮಿರಿಸಿದಳು. ಈ ಹಿಂದೆ ಹೆಣ್ಣು ಕೇಳಿ ಬಂದ ಇಬ್ಬರೂ ಇದೇ ಪ್ರಶ್ನೆಗೆ ಕಾಲಿಗೆ ಬುದ್ಧಿ ಹೇಳಿದ್ದರು. ಅವರು ಹೋದದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ. ಹೆರಿ ಮಾತ್ರ ಬೇಕೇ ಬೇಕಿತ್ತು.

ಹೆರಿ ಅಂತ್ಸಿರಾಬೆಯ ದರ್ಜಿ, ಊರಿನ ಗಡಿ ದಾಟಿದವನಲ್ಲ. ರತ್ಸಿಂಬಾ ಮೂವತ್ತು ವರ್ಷ ಬಾಡಿಗೆ ವ್ಯಾನು ಓಡಿಸಿ ಇಡೀ ಮಡಗಾಸ್ಕರನ್ನು ಅರೆದು ಕುಡಿದ ಮಹಾಪುರುಷ. ಅವನ ವ್ಯಾನು ಅವನಿಗಿಂತ ಜಾಣ. ಕಾಡುದಾರಿಯಲ್ಲಿ ಒಮ್ಮೆಯೂ ಕೆಡುತ್ತಿರಲಿಲ್ಲ. ದೂರದ ಊರು ಸೇರಿದೊಡನೆ ಕೆಡುತ್ತಿತ್ತು, ರಿಪೇರಿಗೆ ವಾರ ಹಿಡಿಯುತ್ತಿತ್ತು. ಹೆಂಡತಿ ಬಕೋಲಿ ಪ್ರತಿ ಭಾನುವಾರ ಇಗರ್ಜಿಯಲ್ಲಿ ಆ ವ್ಯಾನಿನ ಆರೋಗ್ಯಕ್ಕಾಗಿ ಪ್ರಾರ್ಥಿಸುತ್ತಿದ್ದಳು.

ಪದ್ಧತಿಯಂತೆ ವರ ಬಾಯಿ ಬಿಡುವಂತಿಲ್ಲ, ಅವನ ಪರವಾಗಿ ಮಾತುಗಾರನೇ ಮಾತಾಡಬೇಕು. ಹೆರಿಯ ಜೊತೆ ಬಂದಿದ್ದ ಮಾತುಗಾರ ತೋಜೋ, ಹುಲ್ಲಿನ ಟೋಪಿಯ ಯುವಕ. ಹೆಣ್ಣಿನ ತಂದೆಯ ಹೆಸರು ಕೇಳಿ, ಸಂಭಾವನೆಯೂ ಬೇಡವೆಂದು ತಾನಾಗಿಯೇ ಹೊರಟು ಬಂದಿದ್ದ.

"ಊರಿನ ವಿಷಯ ನನ್ನನ್ನೇ ಕೇಳಿ, ಹಿರಿಯರೇ."

"ಕೇಳ್ದೆ ಬಿಡ್ತೀನಾ? ಮಹಾಜಂಗಾದಲ್ಲಿ ಏನಿದೆ, ಹೇಳು."

"ಕಡಲ ದಂಡೇಲಿ ದೊಡ್ಡ ಬಾವೊಬಾಬ್ ಮರ. ಅದನ್ನ ಎಲ್ರೂ ನೋಡ್ತಾರೆ. ಹಿಂದಿನ ಓಣೀಲಿ ಹಸಿರು ಕಿಟಕಿ ಮನೆ ಇದೆ. ಆಯಮ್ಮ ಮಾಡೋ ತೆಂಗಿನಹಾಲಿನ ಮೀನು, ಆಹಾ! ತಿಂದವರಿಗೇ ಗೊತ್ತು."

ರತ್ಸಿಂಬಾ ಲೋಟ ಕೆಳಗಿಟ್ಟ. "ಫಿಯಾನಾರಂತ್ಸುವಾ?"

"ಮೇಲಿನ ಪೇಟೆ ಮೆಟ್ಟಿಲ ಹತ್ರ ವೈನ್ ಮಾರೋ ಹೆಂಗಸು. ಮಂಡಿನೋವು ಪಾಪ. ಆದ್ರೂ ವ್ಯಾನಿನ ಹಾರ್ನ್ ಕೇಳಿದ್ರೆ ಇವತ್ತಿಗೂ ಕೆಳಗಿಳಿದು ಬರ್ತಾಳೆ."

"ತುವಾಮಾಸಿನಾ?" ದನಿ ಯಾಕೋ ಸಣ್ಣಗಾಗಿತ್ತು.

"ನಾನು ಹುಟ್ಟಿ ಬೆಳೆದದ್ದೇ ಅಲ್ಲಿ. ಎಷ್ಟು ಬಿಡಿಸಿ ಹೇಳ್ಲಿ?"

ಅಪ್ಪ ಸೋತದ್ದನ್ನು ಸಹೋಂದ್ರಾ ಕಂಡದ್ದೇ ಇಲ್ಲ. ತನ್ನನ್ನು ಮೀರಿಸುವವನು ಸಿಕ್ಕನೆಂದು ಅಪ್ಪನಿಗೆ ಹೊಟ್ಟೆಯುರಿ ಎಂದುಕೊಂಡು ಒಳಗೊಳಗೇ ಹಿಗ್ಗಿದಳು. ರತ್ಸಿಂಬಾ ಕುತ್ತಿಗೆಯ ಬೆವರೊರೆಸಿಕೊಂಡ.

"ಇಷ್ಟು ಅಡುಗೆಮನೆ ಹೊಕ್ಕು ಬಂದೋನು ಊರಿಗೊಬ್ಬಳು ಹೆಂಡ್ತಿ ಇಟ್ಕೊಂಡಿರ್ಬೇಕು!"

"ನನಗಿನ್ನೂ ಮದುವೇನೇ ಆಗಿಲ್ಲ, ಹಿರಿಯರೇ."

"ಸರಿ, ಸರಿ. ಹುಡುಗೀನ ಕೊಟ್ಟೆ. ಊಟಕ್ಕೇಳಿ ಎಲ್ರೂ."

ಸಹೋಂದ್ರಾಳ ಕಣ್ಣು ತುಂಬಿತು. ಹೆರಿ ಮೊದಲ ಬಾರಿಗೆ ತಲೆಯೆತ್ತಿದ. ಬಕೋಲಿ ಮಾತ್ರ ಕುಳಿತಲ್ಲಿಂದ ಅಲುಗಲಿಲ್ಲ.

"ಅದು ಹೇಗಾಗುತ್ತೆ? ನೆಂಟಸ್ತನಕ್ಕೆ ಮುಂಚೆ ವಂಶ ಹೇಳ್ಬೇಕು. ಹೆರಿ ಮನೆಯವರು ಮೂರು ತಲೆಮಾರಿಂದ ನಮ್ಮ ಬೀದೀಲೇ ಇದಾರೆ, ಗೊತ್ತು. ಆದ್ರೆ ಅವನ ಪರವಾಗಿ ಮಾತಾಡಿದೋನು ನೀನು. ನೀನು ಯಾರ ಮಗನಪ್ಪಾ?"

"ಬಿಡೇ, ಅನ್ನ ಆರಿಹೋಗುತ್ತೆ," ಎಂದ ರತ್ಸಿಂಬಾ.

ತೋಜೋ ಟೋಪಿ ತೆಗೆದು ಬಕೋಲಿಗೆ ತಲೆಬಾಗಿ, ರತ್ಸಿಂಬಾನತ್ತ ಕೈ ತೋರಿದ. "ಇವರ ಮಗನೇ, ದೊಡ್ಡಮ್ಮಾ. ಮಹಾಜಂಗಾದ ಅಣ್ಣ, ಫಿಯಾನಾರಂತ್ಸುವಾದ ತಮ್ಮ ಹೊರಗೆ ನಿಂತಿದಾರೆ. ತಂಗಿ ಮದುವೆ ಅಂದ್ಮೇಲೆ ಬರದೇ ಇರೋಕಾಗುತ್ತಾ?"