ಒರೆಸಿದ ನಟ್ಟು

ಅಂಗಡಿಯ ಮುಂದೆ ಬಂದು ನಿಂತ ಹಳೆ ಕಾರಿನ ಸದ್ದಿಗೇ ಮಗಳಿಗೆ ಗೊತ್ತಾಯಿತು, ಬಂದದ್ದು ಅಮ್ಮ ಎಂದು. ಕಾರುಗಳ ವೈರಿಂಗ್ ಅಂಗಡಿ ತೆರೆಯಲು ಅವಳು ಬ್ಯಾಂಕಿನ ಕೆಲಸ ಬಿಟ್ಟ ದಿನ, "ಆ ಮಸಿ ಕೈ ತಗೊಂಡು ಈ ಮನೆ ಹೊಸ್ತಿಲು ತುಳೀಬೇಡ" ಎಂದಿದ್ದವಳು ಇದೇ ಅಮ್ಮ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಹಟದಲ್ಲಿ ಒಬ್ಬರಿಗೊಬ್ಬರು ಸಾಟಿ.

ಮಗಳು ಮುಂದೆ ತಳ್ಳಿದ ಸ್ಟೂಲಿನ ಮೇಲಿನ ಗ್ರೀಸ್ ಕಲೆ ನೋಡಿ ಅಮ್ಮ ನಿಂತೇ ಇದ್ದಳು. ಬಸ್ಸಿನ ಸೀಟಾಗಲಿ ಹೋಟೆಲಿನ ಲೋಟವಾಗಲಿ, ಒರೆಸದೆ ಮುಟ್ಟಿದವಳಲ್ಲ; ಅದಕ್ಕೆಂದೇ ಮಡಿಸಿಟ್ಟ ಬಟ್ಟೆಯೊಂದು ಸದಾ ಕೈಚೀಲದಲ್ಲಿರುತ್ತಿತ್ತು. "ಸ್ಟೇರಿಂಗ್ ಮುಂದಿನ ಕೆಂಪು ಬ್ಯಾಟರಿ ದೀಪ ಆರ್ತಾನೇ ಇಲ್ಲ," ಎಂದು ಕಾರಿನ ಬಾನೆಟ್ಟಿಗೆ ಹೇಳಿದಳು. ಮಗಳೂ ಬಾನೆಟ್ಟಿಗೇ ಉತ್ತರ ಕೊಟ್ಟಳು, "ನೋಡೋಣ."

ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಗೆ ಮೀಟರ್ ಹಿಡಿದಳು. ಹದಿನಾಲ್ಕು ವೋಲ್ಟ್ ಇರಬೇಕಾದಲ್ಲಿ ಹನ್ನೆರಡು. ಹೆಡ್‌ಲೈಟ್ ಹಾಕಿದರೆ ಇನ್ನೂ ಇಳಿಯಿತು. ಅಂದರೆ ಬ್ಯಾಟರಿ ಖರ್ಚಾಗುತ್ತಿದೆ, ತುಂಬುತ್ತಿಲ್ಲ. ಬೆಲ್ಟು ಬಿಗಿಯಾಗಿಯೇ ಇತ್ತು. ಕರೆಂಟು ಹುಟ್ಟಿಸುವ ಆಲ್ಟರ್ನೇಟರೇ ಹೋಗಿರಬೇಕು ಎಂದುಕೊಂಡು ಅದರ ಬೆನ್ನಿಗೆ ಮೀಟರ್ ಹಿಡಿದರೆ, ಅಲ್ಲಿ ಹದಿನಾಲ್ಕಕ್ಕೂ ಮೇಲೆ. ಹುಟ್ಟಿದ ಕರೆಂಟು ಬ್ಯಾಟರಿ ತಲುಪದೆ ದಾರಿಯಲ್ಲೇ ನಿಂತಿತ್ತು. ಎಂಜಿನ್ ಆರಿಸಿ, ಟಾರ್ಚ್ ಹಿಡಿದು ಬಗ್ಗಿದಳು. ಆಲ್ಟರ್ನೇಟರಿನ ದಪ್ಪ ವೈರು ಕೂರುವ ನಟ್ಟು ಸಡಿಲವಾಗಿತ್ತು.

ಹಳೆ ಕಾರಿನಲ್ಲಿ ನಟ್ಟು ಸಡಿಲವಾಗುವುದು ದೊಡ್ಡ ವಿಷಯವೇನಲ್ಲ. ಆದರೆ ಇಡೀ ಎಂಜಿನ್ ವರ್ಷಗಟ್ಟಲೆಯ ಎಣ್ಣೆ, ಧೂಳು ಮೆತ್ತಿಕೊಂಡು ಕೂತಿರುವಾಗ ಇದೊಂದು ನಟ್ಟು ಮಾತ್ರ ತೊಳೆದಿಟ್ಟ ಚಮಚದ ಹಾಗೆ ಹೊಳೆಯುತ್ತಿತ್ತು. ಮಗಳು ನಗು ತಡೆಯಲಾರದೆ ಬಗ್ಗಿಕೊಂಡೇ ಇದ್ದಳು. ನಗುವಿನ ಹಿಂದೆಯೇ ಭಯವಾಗಿ ತಲೆ ಎತ್ತಿದಳು.

"ಅಮ್ಮಾ, ಇದಕ್ಕೆ ಸ್ಪ್ಯಾನರ್ ಹಾಕಿದ್ಯಾ? ಕಿಡಿ ಹಾರಿ ಕೈ ಸುಟ್ಟುಹೋಗಿದ್ರೆ?"

ಅಮ್ಮ ಕೈಚೀಲದ ಜಿಪ್ಪು ತೆರೆದಳು, ಮುಚ್ಚಿದಳು. ಸಿಕ್ಕಿಬಿದ್ದದ್ದಂತೂ ಆಯಿತು, ಇನ್ನು ಮರ್ಯಾದೆಯಾದರೂ ಉಳಿಯಬೇಕಲ್ಲ.

"ಬ್ಯಾಟರಿ ಮೈನಸ್ ಮೊದಲು ಬಿಚ್ಚಿದೆ ಕಣೇ. ಬಿಚ್ಚೋವಾಗ ಮೈನಸ್ ಮೊದಲು, ಹಾಕೋವಾಗ ಕೊನೆಗೆ. ಊಟಕ್ಕೆ ಕೂತಾಗೆಲ್ಲ ನೀನೇ ತಾನೆ ಹೇಳ್ತಿದ್ದಿದ್ದು?"

ಮಗಳು ಬ್ಯಾಟರಿ ಕಡೆ ನೋಡಿದಳು. ಮೈನಸ್ ಕ್ಲಾಂಪೂ ಹೊಳೆಯುತ್ತಿತ್ತು. ಬ್ಯಾಂಕಿನಲ್ಲಿದ್ದುಕೊಂಡೇ ಈ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಅವಳು ಈ ಮಾತು ತೆಗೆದರೆ ಸಾಕು, ತಟ್ಟೆ ಮುಂದೆ ವೈರು ಗೀರು ಬೇಡ ಎಂದು ಗದರಿ ಅಮ್ಮ ಅಡುಗೆಮನೆಗೆ ಎದ್ದುಹೋಗುತ್ತಿದ್ದಳು. ಅಲ್ಲಿಂದಲೇ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಳು ಎಂದು ಈಗ ಗೊತ್ತಾಗಿ ಮಗಳಿಗೆ ಖುಷಿಯಾಯಿತು. ಸುಮ್ಮನೆ ಬರಬಾರದಿತ್ತೇ ಎಂದು ಕೇಳಿದಳು. ಸುಮ್ಮನೆ ಬಂದರೆ ಏನಂತ ಹೇಳಲಿ ಎಂದಳು ಅಮ್ಮ.

ಮಗಳು ಸ್ಪ್ಯಾನರನ್ನು ಅಮ್ಮನ ಕೈಗೇ ಕೊಟ್ಟಳು. ಅಮ್ಮ ಮೈನಸ್ ಬಿಚ್ಚಿದಳು, ಮಗಳು ನಟ್ಟು ಬಿಗಿ ಮಾಡಿದಳು, ಅಮ್ಮ ಮತ್ತೆ ಮೈನಸ್ ಹಾಕಿದಳು. ಎಂಜಿನ್ ಶುರುವಾಯಿತು, ಮೀಟರ್ ಹದಿನಾಲ್ಕು ತೋರಿಸಿತು, ಕೆಂಪು ದೀಪ ಆರಿತು. ಅಮ್ಮನ ಮುಖ ಸಪ್ಪಗಾಯಿತು.

"ಇಷ್ಟೇನಾ? ಇನ್ನೇನೂ ಕೆಟ್ಟಿಲ್ವಾ?"

"ತುಂಬಾ ಕೆಟ್ಟಿದೆ," ಎಂದಳು ಮಗಳು. "ಎಲ್ಲಾ ಬಿಚ್ಚಿ ನೋಡ್ಬೇಕು. ಸಂಜೆ ಆಗುತ್ತೆ."

ಅಮ್ಮ ಕೈಚೀಲವನ್ನು ಗೋಡೆಯ ಮೊಳೆಗೆ ನೇತುಹಾಕಿದಳು. ಗ್ರೀಸ್ ಕಲೆಯ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಒರೆಸದೆಯೇ ಕೂತಳು.