ಲದ್ದಿ ಇಲ್ಲದ ಲಾಯ

ಡಾಕ್ಟರಮ್ಮ ಕೆಂಪಿಯ ಬಲ ಪಕ್ಕೆಗೆ ಸ್ಟೆತಸ್ಕೋಪ್ ಒತ್ತಿ ಕಣ್ಣು ಮುಚ್ಚಿದರು. ಆಮೇಲೆ ಎಡ ಪಕ್ಕೆಗೆ. ಕುದುರೆಯ ಹೊಟ್ಟೆ ಎಂದರೆ ಹಗಲೂ ಇರುಳೂ ಗುಡುಗುಡು ಎನ್ನುತ್ತಲೇ ಇರಬೇಕು. ಅದು ಸುಮ್ಮನಾಯಿತೆಂದರೆ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ.

"ಏನೂ ಕೇಳಿಸ್ತಿಲ್ಲ. ಕರುಳು ನಿಂತೇ ಹೋಗಿದೆ. ಲದ್ದಿ ಹಾಕಿ ಎಷ್ಟು ಹೊತ್ತಾಯ್ತು?"

"ನಿನ್ನೆ ಬೆಳಿಗ್ಗೆ ಎರಡೇ ಎರಡು ಉಂಡೆ ಡಾಕ್ಟರಮ್ಮ, ಗೋಲಿ ಥರ ಗಟ್ಟಿ," ಎಂದ ಲಾಯದವನು. "ಮೂರು ದಿನದಿಂದ ಬಡ್ಕೋತಾ ಇದ್ದೀನಿ, ಬುಟ್ಟಿ ತುಂಬ್ತಿಲ್ಲ ಸಾರ್ ಅಂತ. ಸಾಹೇಬ್ರು ಏನಂದ್ರು ಗೊತ್ತಾ? ಒಳ್ಳೇದೇ ಆಯ್ತಲ್ಲ, ನಿನಗೆ ಗುಡಿಸೋ ಕೆಲಸ ಕಮ್ಮಿ ಅಂದ್ರು!"

ಬಾಗಿಲಲ್ಲಿ ನಿಂತಿದ್ದ ತರಬೇತುದಾರ ಗಂಟಲು ಸರಿಮಾಡಿಕೊಂಡ. "ತಮಾಷೆಗೆ ಅಂದಿದ್ದು ಕಣಯ್ಯ."

"ನೋವಿನ ಪುಡಿ ಎಷ್ಟು ದಿನ ಕೊಟ್ರಿ?" ಡಾಕ್ಟರಮ್ಮ ಅವನ ಕಡೆ ತಿರುಗಿದರು. "ಮುಂಗಾಲಿನ ಊತಕ್ಕೆ ಅಂತ ನಾನು ಬರೆದಿದ್ದು ಐದೇ ದಿನಕ್ಕೆ."

"ಇಪ್ಪತ್ತು... ಇಪ್ಪತ್ಮೂರು ದಿನ ಆಗಿರಬಹುದು. ಕುಂಟೋದು ನಿಂತಿತ್ತಲ್ಲ ಮೇಡಂ, ಭಾನುವಾರ ಸ್ಪರ್ಧೆ ಬೇರೆ. ಮೊನ್ನೆ ಮಂಕಾಗಿ ಮೇವು ಬಿಟ್ಟಳು. ಕಾಲು ನೋವೇ ಜಾಸ್ತಿಯಾಗಿದೆ ಅಂದ್ಕೊಂಡು ಎರಡರಷ್ಟು ಹಾಕಿಸ್ದೆ."

"ಅಯ್ಯೋ, ಮಂಕಾಗಿದ್ದು ಹೊಟ್ಟೆಯಿಂದ ರೀ! ಆ ಪುಡಿ ಕಾಲಿನ ಊತ ಇಳಿಸುತ್ತೆ, ಜೊತೆಗೆ ಕರುಳಿನ ಒಳಗೆಲ್ಲ ಹುಣ್ಣು ಮಾಡುತ್ತೆ. ಹುಣ್ಣಾದ ಕರುಳು ಮೇವನ್ನ ಹೇಗೆ ಮುಂದಕ್ಕೆ ತಳ್ಳುತ್ತೆ? ಉರಿಯೋ ಬೆಂಕಿಗೆ ತುಪ್ಪ ಸುರಿದಿದ್ದೀರಿ. ಸಂಜೆಯೊಳಗೆ ಕರುಳು ಅಲುಗಾಡಿದ್ರೆ ಬದುಕ್ತಾಳೆ. ಇಲ್ಲಾಂದ್ರೆ ನರಳಿಸೋದು ಬೇಡ, ನಾನೇ ಕೊನೇ ಸೂಜಿ ಕೊಡ್ತೀನಿ."

ಲಾಯದವನಿಗೆ ಪಿತ್ತ ನೆತ್ತಿಗೇರಿತು. ಹನ್ನೆರಡು ವರ್ಷ ಹಲ್ಲು ಕಚ್ಚಿಕೊಂಡು ದುಡಿದವನು ಕೈಯಲ್ಲಿದ್ದ ಸಲಿಕೆಯನ್ನು ಗೋಡೆಗೆ ಬೀಸಿ ಒಗೆದ. ಪಕ್ಕದಲ್ಲಿ ಕಟ್ಟಿದ್ದ ಕುದುರೆಗಳು ಬೆಚ್ಚಿ ಕಾಲು ಬಡಿದವು.

"ಕಾಲಿಗೆ ರೆಸ್ಟ್ ಕೊಡಿ ಅಂತ ಕಾಲಿಗೆ ಬಿದ್ದೆನಲ್ಲ ಸಾರ್! ಕುಂಟೋದೇ ಅವಳ ಮಾತು. ಅದು ಬಿಟ್ರೆ ಬೇರೆ ಬಾಯಿ ಎಲ್ಲಿದೆ ಅವಳಿಗೆ? ಅದನ್ನೂ ಮುಚ್ಚಿಸಿದ್ರಿ. ಭಾನುವಾರ ಗೆದ್ರೆ ಸಿಗೋ ಒಂದು ಹಿತ್ತಾಳೆ ಕಪ್ಪಿಗೋಸ್ಕರ ಮೂಕಪ್ರಾಣಿಗೆ ವಿಷ ಹಾಕಿದ್ರಲ್ಲ! ನಿಮಗೆ ಒಳ್ಳೇದಾಗುತ್ತಾ?"

ತರಬೇತುದಾರನ ಮುಖ ಕೆಂಪೇರಿತು, ದನಿ ಮಾತ್ರ ಏರಲಿಲ್ಲ. "ಹಾಕು ಅಂದಿದ್ದು ನಾನು, ಒಪ್ಪಿದೆ. ಹಾಕಿದ್ದು ಯಾರು? ನನ್ನ ಕೈಯಿಂದ ಒಂದು ಚಿಟಿಕೆ ತಿಂದಿದ್ದಾಳಾ? ಮುಖಕ್ಕೇ ಉಗುಳಿದಳು. ಸಕ್ಕರೆ ಪಾಕದಲ್ಲಿ ಕಲಸಿ, ಅಂಗೈಯಲ್ಲಿಟ್ಟು, ಬಾರೇ ಚಿನ್ನ ಅಂತ ನೆಕ್ಕಿಸಿದ್ದು ನೀನು."

ಆ ಮಾತಿನಲ್ಲಿ ಸುಳ್ಳೆನ್ನಲು ಒಂದಕ್ಷರವೂ ಇರಲಿಲ್ಲ. 'ಬೇರೆ ಯಾರ ಕೈಯಿಂದಲೂ ತಿನ್ನಲ್ಲ ಕಣೇ, ನನ್ನದೇ ಆಗಬೇಕು' ಎಂದು ಲಾಯದವನೇ ಮನೆಯಲ್ಲಿ ಹೆಂಡತಿಯ ಮುಂದೆ ಎಷ್ಟು ಸಲ ಎದೆಯುಬ್ಬಿಸಿ ಹೇಳಿಕೊಂಡಿದ್ದ! ಇಷ್ಟು ಹೊತ್ತು ಎದುರಿಗಿದ್ದವನ ಮೇಲೆ ಹಾರುತ್ತಿದ್ದ ಸಿಟ್ಟು ಈಗ ಅವನನ್ನೇ ಕಚ್ಚತೊಡಗಿತು.

"ಜಗಳ ಆಮೇಲೆ ಆಡ್ರಪ್ಪ. ಒಸಡಿನ ಬಣ್ಣ ನೋಡಬೇಕು, ತಲೆ ಹಿಡೀರಿ."

ತರಬೇತುದಾರ ಹಗ್ಗಕ್ಕೆ ಕೈ ಹಾಕಿದ. ಬೆವರಿನಲ್ಲಿ ತೊಯ್ದಿದ್ದ ಕೆಂಪಿ ಕಿವಿಗಳನ್ನು ಹಿಂದಕ್ಕೊತ್ತಿ ಹಲ್ಲು ಕಿರಿಯಿತು. ಡಾಕ್ಟರಮ್ಮ ಹತ್ತಿರ ಹೋದರೆ ತಲೆ ಕೊಡವಿ ಗೋಡೆಗೆ ಅಪ್ಪಳಿಸಿತು. ಇಬ್ಬರೂ ಲಾಯದವನತ್ತ ನೋಡಿದರು.

ಅವನು ಕಾಲೆಳೆಯುತ್ತಾ ಹೋಗಿ ಕೆಂಪಿಯ ಮೂತಿಯ ಮುಂದೆ ಕೈ ಚಾಚಿದ. ಕುದುರೆ ಶಾಂತವಾಯಿತು. ತಲೆ ತಗ್ಗಿಸಿ, ಏನೂ ಇಲ್ಲದ ಆ ಅಂಗೈಯನ್ನು ನಂಬಿಕೆಯಿಂದ ನೆಕ್ಕತೊಡಗಿತು.